ಬೋರ್‌ಗೆ ಗಾಳಿ ಬಿಟ್ಟರೆ ನೀರು ಹೇಗೆ ಮೇಲೆ ಬರುತ್ತದೆ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಕಂಪ್ರೆಸರ್ ಬಗ್ಗೆಯೇ ಇವೆ. ಬೇಸಿಗೆ ಶುರುವಾಯಿತಲ್ಲ. ಶಿರಸಿಯಲ್ಲಿ 38 ವರ್ಷ ಪಂಪು ಬಿಚ್ಚಿ ಕಟ್ಟಿದವನು ನಾನು. ಬೋರ್ ಬತ್ತಿದ ದಿನ ಮನೆಯವರ ಮುಖ ಹೇಗಿರುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಗಾಳಿ-ನೀರಿನ ಪ್ರಶ್ನೆಗಳಿಗೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ನಮ್ಮದು ಎರಡು ಎಕರೆ ಅಡಿಕೆ ತೋಟ. ಮನೆ ಹಿಂದಿನ ದಿಬ್ಬದಲ್ಲಿ ಹೋದ ವರ್ಷ 380 ಅಡಿ ಬೋರ್ ಹೊಡೆಸಿದೆವು. ರಿಗ್‌ನವರು ಎರಡಿಂಚು ನೀರು ಅಂದರು. ಸಬ್‌ಮರ್ಸಿಬಲ್ ಇಳಿಸಿದೆವು. ಒಂದೇ ಬೇಸಿಗೆಯಲ್ಲಿ ಎರಡು ಸಲ ಮೋಟಾರ್ ಸುಟ್ಟಿತು. ಈಗ ಒಬ್ಬರು ಕಂಪ್ರೆಸರ್ ಹಾಕಿಸಿ, ಎಷ್ಟೇ ಆಳ ಇದ್ದರೂ ಗಾಳಿ ನೀರು ಎತ್ತಿಕೊಡುತ್ತದೆ ಅನ್ನುತ್ತಿದ್ದಾರೆ. ನಿಜವಾ? ಗಾಳಿ ನೀರನ್ನು ಎತ್ತುವುದಾದರೂ ಹೇಗೆ?
– ಅಡಿಕೆ ಬೆಳೆಗಾರರು, ಹುಲೇಕಲ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯೋಣ. ಅದು ಗೊತ್ತಾದರೆ ಕಂಪ್ರೆಸರ್ ಹಾಕಬೇಕೋ ಬೇಡವೋ ಅಂತ ನಿಮಗೇ ತಿಳಿಯುತ್ತದೆ.

ಕಂಪ್ರೆಸರ್ ಬೋರ್‌ನಲ್ಲಿ ಎರಡು ಪೈಪು ಇಳಿಸುತ್ತಾರೆ. ನೀರು ಬರಲು ಒಂದು ದಪ್ಪ ಪೈಪು, ಗಾಳಿ ಹೋಗಲು ಒಂದು ತೆಳು ಪೈಪು. ತಳದಲ್ಲಿ ತೆಳು ಪೈಪಿನ ಬಾಯಿ ದಪ್ಪ ಪೈಪಿನ ಬುಡದೊಳಗೆ ಸೇರಿಕೊಂಡಿರುತ್ತದೆ. ಮೇಲಿನಿಂದ ಗಾಳಿ ಒತ್ತಿದಾಗ ಅದು ತಳಕ್ಕೆ ಹೋಗಿ, ದಪ್ಪ ಪೈಪಿನೊಳಗೆ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಈಗ ಆ ಪೈಪಿನೊಳಗೆ ಇರುವುದು ಬರೀ ನೀರಲ್ಲ, ಗಾಳಿ ಬೆರೆತ ನೀರು. ಅದು ಹಗುರ. ಪೈಪಿನ ಹೊರಗೆ ಬೋರ್‌ನಲ್ಲಿ ನಿಂತಿರುವುದು ಬರೀ ನೀರು. ಅದು ಭಾರ. ಭಾರದ ನೀರು ಬುಡದಿಂದ ಒಳಗೆ ನುಗ್ಗಿ, ಹಗುರದ ನೀರನ್ನು ಮೇಲಕ್ಕೆ ದೂಡುತ್ತದೆ. ಅಷ್ಟೇ.

ಒಲೆಯ ಮೇಲಿನ ಹಾಲು ನೆನಪಿಸಿಕೊಳ್ಳಿ. ಅರ್ಧ ಪಾತ್ರೆ ಹಾಲು ಉಕ್ಕಿ ಕಂಠದ ಮೇಲೆ ಬಂದು ಹೊರಗೆ ಚೆಲ್ಲುತ್ತದೆ. ಹಾಲೇನೂ ಜಾಸ್ತಿ ಆಗಿಲ್ಲ, ಒಳಗೆ ಗುಳ್ಳೆ ತುಂಬಿಕೊಂಡಿದೆ. ಕಂಪ್ರೆಸರ್ ಬೋರ್‌ನಲ್ಲಿ ನೀರು ಹೀಗೇ ಉಕ್ಕಿ ಬರುತ್ತದೆ.

ಅಂದರೆ ನೀರನ್ನು ನಿಜವಾಗಿ ಎತ್ತುವುದು ಬೋರ್‌ನಲ್ಲಿ ಪೈಪಿನ ಸುತ್ತ ನಿಂತ ನೀರು. ಅದು ಸಾಕಷ್ಟು ಎತ್ತರಕ್ಕೆ ನಿಂತಿರಬೇಕು. ತಳದಲ್ಲಿ ಬರೀ ಹತ್ತಿಪ್ಪತ್ತು ಅಡಿ ನೀರು ಇದ್ದರೆ ಎಷ್ಟು ದೊಡ್ಡ ಕಂಪ್ರೆಸರ್ ತಂದರೂ ಗಾಳಿ ಸುಮ್ನೆ ಬುಸ್ಸೆಂದು ಹೊರಗೆ ಬರುತ್ತದೆ, ನೀರು ಬರುವುದಿಲ್ಲ. ಹಾಗಾಗಿ 'ಎಷ್ಟೇ ಆಳ ಇದ್ದರೂ' ಅನ್ನುವ ಮಾತು ಸರಿಯಲ್ಲ. ಬೋರ್ ಎಷ್ಟು ಆಳ ಅನ್ನುವುದಕ್ಕಿಂತ, ಕಂಪ್ರೆಸರ್ ಓಡುತ್ತಿರುವಾಗ ಪೈಪಿನ ಎಷ್ಟು ಭಾಗ ನೀರಲ್ಲಿ ಮುಳುಗಿರುತ್ತದೆ ಅನ್ನುವುದೇ ಮುಖ್ಯ. ಅರ್ಧಕ್ಕಿಂತ ಜಾಸ್ತಿ ಮುಳುಗಿರಬೇಕು. ಮೂರರಲ್ಲಿ ಎರಡು ಪಾಲು ಮುಳುಗಿದ್ದರೆ ಬಹಳ ಒಳ್ಳೆಯದು. ಮೂರರಲ್ಲಿ ಒಂದು ಪಾಲಿಗೆ ಇಳಿದರೆ ನೀರು ಕಮ್ಮಿಯಾಗುತ್ತದೆ, ಕರೆಂಟು ಮಾತ್ರ ಓಡುತ್ತಲೇ ಇರುತ್ತದೆ.

ಹಾಗಾದರೆ ನಿಮ್ಮ ಬೋರ್‌ನಲ್ಲಿ ನೀರು ಎಲ್ಲಿ ನಿಂತಿದೆ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ. ಬರೆಯುವವರು ತೀರಾ ಕಮ್ಮಿ. ಬೋರ್ ಎಷ್ಟು ಅಡಿ, ಕೇಸಿಂಗ್ ಎಷ್ಟು, ಖರ್ಚು ಎಷ್ಟು, ಎಲ್ಲ ಬಾಯಲ್ಲೇ ಇರುತ್ತದೆ. ನೀರಿನ ಮಟ್ಟ ಕೇಳಿದರೆ ಸುಮ್ಮನಾಗುತ್ತಾರೆ. ಅದನ್ನು ಅಳೆಯಲೂ ಗಾಳಿಯೇ ಸಾಕು. ಖರ್ಚೂ ಜಾಸ್ತಿಯಿಲ್ಲ. ಹೇಗೆ ಅಂತ ಬಿಡಿಸಿ ಹೇಳುತ್ತೇನೆ, ಮಾಡಿ ನೋಡಿ.

ಡ್ರಿಪ್‌ಗೆ ಹಾಕುವ ತೆಳು ಟ್ಯೂಬ್ 300 ಅಡಿ ತೆಗೆದುಕೊಳ್ಳಿ. ನಡುವೆ ಎಲ್ಲೂ ತೂತು ಇರಬಾರದು. ತುದಿಗೆ ಒಂದು ಕಬ್ಬಿಣದ ತುಂಡು ಕಟ್ಟಿ, ಆದರೆ ಟ್ಯೂಬಿನ ಬಾಯಿ ಮುಚ್ಚಬೇಡಿ. ಮೋಟಾರ್ ಮೇಲೆ ತೆಗೆದಿದ್ದಾಗಲೇ ಬೋರ್‌ಗೆ ಇಳಿಸಿ. ಇಲ್ಲದಿದ್ದರೆ ಮುಂದಿನ ಸಲ ಮೋಟಾರ್ ಇಳಿಸುವಾಗ ಪೈಪಿನ ಜತೆಗೇ ಅಲ್ಲಲ್ಲಿ ಕಟ್ಟಿ ಇಳಿಸಿಬಿಡಿ, ಯಾವಾಗಲೂ ಅಲ್ಲೇ ಇರಲಿ. ಮೇಲಿನ ತುದಿಗೆ ಒಂದು ಟೀ ಜಾಯಿಂಟ್ ಹಾಕಿ. ಅದರ ಒಂದು ಬಾಯಿಗೆ ಸೈಕಲ್ ವಾಲ್ವ್, ಇನ್ನೊಂದಕ್ಕೆ ಗಾಳಿಯ ಗೇಜ್. ಈಗ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆಯಿರಿ.

ಮುಳ್ಳು ಮೆಲ್ಲಗೆ ಏರುತ್ತದೆ. ಹತ್ತು, ಇಪ್ಪತ್ತು, ನಲವತ್ತು. ಟ್ಯೂಬಿನೊಳಗಿನ ನೀರನ್ನು ಗಾಳಿ ಕೆಳಕ್ಕೆ ತಳ್ಳುತ್ತಿದೆ. ಒಂದು ಕಡೆ ಬಂದು ಮುಳ್ಳು ನಿಂತುಬಿಡುತ್ತದೆ. ಆಮೇಲೆ ಎಷ್ಟು ಹೊಡೆದರೂ ಏರುವುದಿಲ್ಲ. ಟ್ಯೂಬಿನ ನೀರೆಲ್ಲ ಹೊರಗೆ ಹೋಗಿ, ನೀವು ಹೊಡೆದ ಗಾಳಿ ತಳದಿಂದ ಗುಳ್ಳೆಯಾಗಿ ಹೋಗುತ್ತಿದೆ ಅಂತ ಅರ್ಥ. ಆ ಅಂಕಿ ಬರೆದುಕೊಳ್ಳಿ. ಗೇಜಿನ ಒಂದು ಪೌಂಡಿಗೆ (ಚದರ ಇಂಚಿಗೆ ಒಂದು ಪೌಂಡ್ ಒತ್ತಡ) 2.31 ಅಡಿ ನೀರು. ಮುಳ್ಳು 65ಕ್ಕೆ ನಿಂತಿತು ಅನ್ನಿ. ಅಲ್ಲಿಗೆ ಟ್ಯೂಬಿನ ಬಾಯಿಯ ಮೇಲೆ 150 ಅಡಿ ನೀರಿದೆ. ಟ್ಯೂಬು 300 ಅಡಿ ಇಳಿದಿದೆ. ಹಾಗಾದರೆ ನೀರು ನಿಂತಿರುವುದು ನೆಲದಿಂದ 150 ಅಡಿ ಕೆಳಗೆ.

ಇದು ಅರ್ಧ ಕೆಲಸ. ಆಮೇಲೆ ಎರಡು ಗಂಟೆ ಮೋಟಾರ್ ಓಡಿಸಿ ಮತ್ತೆ ಗಾಳಿ ಹೊಡೆಯಿರಿ. ಮುಳ್ಳು 20ಕ್ಕೇ ನಿಂತಿತು ಅಂತಿಟ್ಟುಕೊಳ್ಳಿ. ಈಗ ಟ್ಯೂಬಿನ ಮೇಲೆ ಉಳಿದಿರುವುದು 46 ಅಡಿ ನೀರು. ಮಟ್ಟ 254 ಅಡಿಗೆ ಇಳಿದಿದೆ. ಮೋಟಾರ್ ಹೀರುವಷ್ಟು ಬೇಗ ಬಂಡೆಯ ಸೀಳಿನಿಂದ ನೀರು ಬರುತ್ತಿಲ್ಲ. ಇನ್ನೊಂದು ಗಂಟೆ ಓಡಿಸಿದರೆ ಮೋಟಾರ್ ನೀರಿಲ್ಲದೆ ತಿರುಗುತ್ತದೆ. ತಂಪು ಮಾಡುವ ನೀರೇ ಇಲ್ಲದ ಮೇಲೆ ಸುಡುವುದೇ ತಾನೇ. ನಿಮ್ಮ ಎರಡೂ ಮೋಟಾರ್‌ಗಳು ಹೀಗೇ ಹೋಗಿವೆ ಅಂತ ನನ್ನ ಅನುಮಾನ. ವೋಲ್ಟೇಜ್ ಕಮ್ಮಿ ಇದ್ದೂ ಸುಡಬಹುದು, ಅದನ್ನೂ ನೋಡಿಸಿ.

ಇದೇ ಲೆಕ್ಕ ಇಟ್ಟುಕೊಂಡು ಕಂಪ್ರೆಸರ್ ಹಾಕಿದರೆ ಏನಾಗುತ್ತದೆ ನೋಡೋಣ. ಪೈಪನ್ನು ತಳದ ಕೆಸರಿಗೆ ತಾಗದ ಹಾಗೆ 360 ಅಡಿಗೆ ಇಳಿಸುತ್ತೇವೆ. ಶುರುವಿನಲ್ಲಿ 210 ಅಡಿ ಪೈಪು ನೀರಲ್ಲಿ ಇರುತ್ತದೆ. ಅಷ್ಟು ನೀರನ್ನು ತಳ್ಳಿ ಗಾಳಿ ತಳ ಮುಟ್ಟಬೇಕಾದರೆ 91 ಪೌಂಡ್ ಒತ್ತಡ ಬೇಕು, ಅಂದರೆ ಚದರ ಸೆಂಟಿಮೀಟರಿಗೆ ಆರೂವರೆ ಕೇಜಿಯ ಹತ್ತಿರ. ಕೃಷಿಗೆ ಮಾರುವ ಕಂಪ್ರೆಸರ್‌ಗೆ ಇದೇನೂ ಕಷ್ಟವಲ್ಲ. ಮೊದಲ ಹತ್ತು ನಿಮಿಷ ನೀರು ಧಾರಾಳವಾಗಿ ಬರುತ್ತದೆ, ಎಲ್ಲರಿಗೂ ಖುಷಿ. ಮಟ್ಟ 254ಕ್ಕೆ ಇಳಿದ ಮೇಲೆ ಮುಳುಗಿರುವ ಪೈಪು 106 ಅಡಿ ಮಾತ್ರ. 360ರಲ್ಲಿ 106. ಮೂರರಲ್ಲಿ ಒಂದು ಪಾಲೂ ಇಲ್ಲ. ಆಗ ನೀರಿಗಿಂತ ಗಾಳಿಯೇ ಜಾಸ್ತಿ.

ರಿಗ್‌ನವರು ಹೇಳಿದ ಎರಡಿಂಚು ಸುಳ್ಳಾ ಅಂತ ನೀವು ಕೇಳಬಹುದು. ಅವರು ನೋಡಿದ್ದನ್ನೇ ಹೇಳಿದ್ದಾರೆ. ಬೋರ್ ಹೊಡೆಯುವಾಗ ಮೇಲೆ ಚಿಮ್ಮುವ ನೀರನ್ನು ಎತ್ತುವುದೂ ಗಾಳಿಯೇ. ರಿಗ್‌ನ ಕಂಪ್ರೆಸರ್ ಬಹಳ ದೊಡ್ಡದು. ಬಂಡೆಯ ಸೀಳಿನಲ್ಲಿ ಎಷ್ಟೋ ಕಾಲದಿಂದ ನಿಂತಿದ್ದ ನೀರನ್ನೆಲ್ಲ ಅದು ಒಮ್ಮೆಲೇ ಹೊರಗೆ ಹಾಕುತ್ತದೆ. ಆ ಅರ್ಧ ಗಂಟೆಯ ನೀರು ನೋಡಿ ನಾವು ಬೇಸಿಗೆಯ ಲೆಕ್ಕ ಹಾಕುತ್ತೇವೆ. ಅದೂ ಎಷ್ಟೋ ಸಲ ಮಳೆ ಮುಗಿದ ಹೊಸದರಲ್ಲಿ ಹೊಡೆಸಿದ ಬೋರ್. ಏಪ್ರಿಲ್‌ನಲ್ಲಿ ಎರಡು ದಿನ ಬಿಡದೆ ಪಂಪ್ ಮಾಡಿ ಅಳೆದ ನೀರೇ ನಿಜವಾದ ನೀರು.

ಹಾಗಂತ ನಾನು ಕಂಪ್ರೆಸರ್ ಬೇಡ ಅನ್ನುವವನಲ್ಲ. ಸಿದ್ದಾಪುರ ಕಡೆಯ ಒಂದು ಮನೆಯ ಬೋರ್ ನಾನೇ ನೋಡಿಕೊಂಡದ್ದು. ಬೋರ್ ಸೊಟ್ಟಗೆ ಹೋಗಿತ್ತು, ಜತೆಗೆ ಸಣ್ಣ ಮರಳು ಬರುತ್ತಿತ್ತು. ಸಬ್‌ಮರ್ಸಿಬಲ್ ಇಳಿಸಿದಾಗೆಲ್ಲ ಕೇಬಲ್ ಉಜ್ಜಿ ಸಿಪ್ಪೆ ಎದ್ದಿತು. ಮರಳು ಪಂಪಿನ ಒಳಗಿನ ಬಟ್ಟಲುಗಳನ್ನೇ ತಿಂದುಹಾಕಿತು. ಕೊನೆಗೆ ಕಂಪ್ರೆಸರ್ ಹಾಕಿದೆವು. ಬೋರ್ ಒಳಗೆ ತಿರುಗುವ ವಸ್ತು ಒಂದೂ ಇಲ್ಲ, ಬರೀ ಎರಡು ಪೈಪು. ಮರಳು ಬಂದರೆ ನೀರಿನ ಜತೆ ಬಂದು ತೊಟ್ಟಿಯಲ್ಲಿ ಕೂರುತ್ತದೆ. ನೀರು ಮುಗಿದರೆ ಸುಡುವಂಥದ್ದು ಕೆಳಗೆ ಏನೂ ಇಲ್ಲ. ರಿಪೇರಿ ಏನಿದ್ದರೂ ಮೇಲೆ, ಕೊಟ್ಟಿಗೆಯ ಪಕ್ಕದಲ್ಲೇ. ಆ ಮನೆಯ ಅಜ್ಜಿ ಮೊದಲ ದಿನ ತೊಟ್ಟಿಯ ಹತ್ತಿರ ನಿಂತು ಪೈಪಿನ ಬಾಯಿಗೆ ಕೈ ಒಡ್ಡಿದ್ದರು. ಬುಸ್ ಅಂತ ಗಾಳಿ, ಆಮೇಲೆ ಗಳಗಳ ನೀರು, ಮತ್ತೆ ಬುಸ್. "ಇದು ಉಸಿರಾಡ್ತದಲ್ಲೋ" ಅಂದರು. 14 ವರ್ಷ ಆಯಿತು, ಈಗಲೂ ಉಸಿರಾಡುತ್ತಿದೆ.

ಆದರೆ ಆ ಬೋರ್‌ನಲ್ಲಿ ಏಪ್ರಿಲ್ ಕೊನೆಗೂ ನೀರು 70 ಅಡಿಯಲ್ಲಿ ನಿಲ್ಲುತ್ತದೆ. ಅದನ್ನು ಅಳೆದ ಮೇಲೇ ನಾನು ಒಪ್ಪಿದ್ದು.

ಇನ್ನೆರಡು ವಿಷಯ ಗೊತ್ತಿರಲಿ. ಕಂಪ್ರೆಸರ್‌ಗೆ ಹಾಕಿದ ನೂರು ಪಾಲು ಶಕ್ತಿಯಲ್ಲಿ ನೀರೆತ್ತಲು ಸಿಗುವುದು ಸಾಮಾನ್ಯವಾಗಿ ಇಪ್ಪತ್ತು-ಮೂವತ್ತು ಪಾಲು ಮಾತ್ರ. ಉಳಿದದ್ದು ಬಿಸಿಯಾಗಿ, ಗುಳ್ಳೆಯಾಗಿ ಹೋಗುತ್ತದೆ. ಒಳ್ಳೆ ಸಬ್‌ಮರ್ಸಿಬಲ್ ಇದಕ್ಕಿಂತ ಎಷ್ಟೋ ವಾಸಿ. ಎರಡನೆಯದು, ಉಕ್ಕಿ ಬಂದ ನೀರಿಗೆ ಮುಂದೆ ಹೋಗುವ ಕಸುವು ಇರುವುದಿಲ್ಲ. ಬೋರ್ ಬಾಯಿಯ ಹತ್ತಿರವೇ ತೊಟ್ಟಿಗೆ ಬೀಳಬೇಕು. ನಮ್ಮ ಕಡೆ ಮನೆ ದಿಬ್ಬದಲ್ಲಿ, ತೋಟ ಕೆಳಗೆ. ನಿಮ್ಮದೂ ಹಾಗೇ ಇದೆ. ತೊಟ್ಟಿ ಮೇಲೆ ಕಟ್ಟಿದರೆ ನೀರು ತಾನಾಗಿ ತೋಟಕ್ಕೆ ಇಳಿಯುತ್ತದೆ. ಬಯಲುಸೀಮೆಯವರಿಗೆ ಈ ಅನುಕೂಲ ಇಲ್ಲ.

ನಿಮಗೆ ನನ್ನ ಸಲಹೆ: ಕಂಪ್ರೆಸರ್‌ಗೆ ಮುಂಗಡ ಕೊಟ್ಟಿದ್ದರೆ ಒಂದು ವಾರ ತಡೆಯಲು ಹೇಳಿ. ಮೊದಲು ಮಟ್ಟ ಅಳೆಯಿರಿ. ಮಟ್ಟ ನಾನು ಮೇಲೆ ಹೇಳಿದ ಹಾಗೆ ಕುಸಿಯುತ್ತಿದ್ದರೆ, ಈಗಿನದಕ್ಕಿಂತ ಸಣ್ಣ ಎಚ್‌ಪಿಯ ಪಂಪು ಹಾಕಿ, ನೀರು ಕಮ್ಮಿಯಾದರೆ ತಾನೇ ನಿಲ್ಲುವ ಸ್ವಿಚ್ ಕೂರಿಸಿ. ಅರ್ಧ ಗಂಟೆ ಓಡಲಿ, ಒಂದೂವರೆ ಗಂಟೆ ಬಿಡಲಿ. ರಾತ್ರಿ-ಹಗಲು ಸೇರಿ ತೊಟ್ಟಿ ತುಂಬುತ್ತದೆ. ಮಟ್ಟ ಮೇಲೇ ನಿಲ್ಲುತ್ತಿದ್ದು, ಮರಳಿನಿಂದಲೋ ಸೊಟ್ಟ ಬೋರ್‌ನಿಂದಲೋ ಮೋಟಾರ್ ಕೆಟ್ಟಿದ್ದರೆ ಮಾತ್ರ ಕಂಪ್ರೆಸರ್ ಹಾಕಿಸಿ.

ಪ್ರಶ್ನೆ: ಕಂಪ್ರೆಸರ್ ಹಾಕಿದ ಮೇಲೆ ನೀರಿನ ಮೇಲೆ ತೆಳ್ಳಗೆ ಎಣ್ಣೆ ಕಾಣುತ್ತದೆ. ಕುಡಿಯಬಹುದಾ?
– ಓದುಗರು, ಯಲ್ಲಾಪುರ

ಉತ್ತರ: ಕುಡಿಯಬೇಡಿ. ಕಂಪ್ರೆಸರ್‌ನ ಪಿಸ್ಟನ್ ರಿಂಗ್ ಸವೆದಿದೆ, ಆಯಿಲ್ ಗಾಳಿಯ ಜತೆ ಕೆಳಗೆ ಹೋಗುತ್ತಿದೆ. ರಿಂಗ್ ಬದಲಿಸಿ, ಗಾಳಿಯ ದಾರಿಯಲ್ಲಿ ಎಣ್ಣೆ ಹಿಡಿಯುವ ಫಿಲ್ಟರ್ ಹಾಕಿಸಿ. ಕಂಪ್ರೆಸರ್‌ನ ಗಾಳಿ ಟ್ಯಾಂಕಿನ ಅಡಿಯ ನಲ್ಲಿಯನ್ನು ದಿನಾ ಬಿಟ್ಟು ಒಳಗೆ ಕೂತ ನೀರು-ಎಣ್ಣೆ ತೆಗೆಯಿರಿ. ಆ ನೀರು ನಿಂತರೆ ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಗಾಳಿ ಟ್ಯಾಂಕು ಒಡೆದರೆ ಬಾಂಬಿನ ಹಾಗೆ. ಸೇಫ್ಟಿ ವಾಲ್ವ್ ಸೋರುತ್ತದೆ ಅಂತ ಅದಕ್ಕೆ ಬಿರಡೆ ಹೊಡೆದವರನ್ನು ನೋಡಿದ್ದೇನೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಪ್ರಶ್ನೆ: ಸರ್, ಮೇಲೆ ಇಟ್ಟ ಪಂಪು 30 ಅಡಿಗಿಂತ ಆಳದ ನೀರನ್ನು ಎಳೆಯುವುದಿಲ್ಲ ಅಂತ ಕ್ಲಾಸಿನಲ್ಲಿ ಹೇಳಿದರು. ಹಾಗಾದರೆ ಕರೆಂಟ್ ಇಲ್ಲದ ಕಾಲದಲ್ಲಿ ಆಳದ ಗಣಿಗಳಿಂದ ನೀರು ಹೇಗೆ ತೆಗೆಯುತ್ತಿದ್ದರು? ಗಾಳಿಯಿಂದ ತೆಗೆಯುತ್ತಿದ್ದರಾ?
– ಪಿಯುಸಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ಒಳ್ಳೆ ಪ್ರಶ್ನೆ ತಂಗಿ. ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ಪಂಪು ಮಾಡುವುದು ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಆಗ ಬಾವಿಯ ನೀರಿನ ಮೇಲೆ ಕೂತ ಹೊರಗಿನ ಗಾಳಿ ನೀರನ್ನು ಪೈಪಿನೊಳಗೆ ತಳ್ಳುತ್ತದೆ. ಆ ಗಾಳಿಯ ಭಾರಕ್ಕೆ ಒಂದು ಮಿತಿ ಇದೆ. ಸಮುದ್ರದ ಮಟ್ಟದಲ್ಲಿ ಅದು 10.3 ಮೀಟರ್ ನೀರನ್ನು ಹೊರಬಲ್ಲದು, ಅದಕ್ಕಿಂತ ಜಾಸ್ತಿ ಇಲ್ಲ. ಇಟಲಿಯ ಪಂಪಿನ ಕೆಲಸದವರಿಗೆ ಈ ಮಿತಿ ಅನುಭವದಿಂದ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಅಲ್ಲಿನ ವಿಜ್ಞಾನಿ ಟೊರಿಚೆಲ್ಲಿ 1643ರಲ್ಲಿ ಪಾದರಸದ ನಳಿಗೆಯಿಂದ ಅದನ್ನು ತೋರಿಸಿಕೊಟ್ಟರು. ಪಾದರಸ 76 ಸೆಂಟಿಮೀಟರ್ ನಿಲ್ಲುತ್ತದೆ. ನೀರು ಅದಕ್ಕಿಂತ ಹದಿಮೂರೂವರೆ ಪಟ್ಟು ಹಗುರ, ಹಾಗಾಗಿ ಅಷ್ಟು ಪಟ್ಟು ಎತ್ತರ.

ನಿಮ್ಮ ಕಾರವಾರಕ್ಕೂ ನಮ್ಮ ಶಿರಸಿಗೂ ಇದರಲ್ಲಿ ವ್ಯತ್ಯಾಸ ಇದೆ, ಗೊತ್ತಾ? ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ದೇವಿಮನೆ ಘಟ್ಟ ಹತ್ತುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಕುಮಟಾದಲ್ಲಿ ತೆಗೆದುಕೊಂಡ ಚಿಪ್ಸ್ ಪೊಟ್ಟಣ ಮೇಲೆ ಬರುವಷ್ಟರಲ್ಲಿ ಉಬ್ಬಿರುತ್ತದಲ್ಲ, ಅದೇ ಕಾರಣ. ಮೇಲೆ ಗಾಳಿಯ ಭಾರ ಕಮ್ಮಿ. 1648ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಸ್ಕಲ್ ಅವರ ಭಾವ ಅಲ್ಲಿನ ಒಂದು ಬೆಟ್ಟಕ್ಕೆ ಪಾದರಸದ ನಳಿಗೆ ಹೊತ್ತು ಹತ್ತಿ ಇದನ್ನೇ ಅಳೆದರು. ಶಿರಸಿಯಲ್ಲಿ ಪಾದರಸ ಸುಮಾರು 71 ಸೆಂಟಿಮೀಟರ್ ನಿಲ್ಲುತ್ತದೆ, ನೀರಿನ ಮಿತಿ 9.6 ಮೀಟರಿಗೆ ಇಳಿಯುತ್ತದೆ. ಪೈಪಿನ ಸೋರಿಕೆ, ತಿಕ್ಕಾಟ ಎಲ್ಲ ಕಳೆದರೆ ಕೈಗೆ ಸಿಗುವುದು 22-24 ಅಡಿ.

ನಮ್ಮ ಮನೆಯ ಬಾವಿ 48 ಅಡಿ. ಮೇ ತಿಂಗಳಲ್ಲಿ ನೀರು 40 ಅಡಿಗೆ ಇಳಿಯುತ್ತಿತ್ತು. ದಂಡೆಯ ಮೇಲಿನ ಪಂಪು ನೀರು ಹಿಡಿಯುತ್ತಿರಲಿಲ್ಲ. ಅಪ್ಪ ಬಾವಿಯ ಗೋಡೆಯ ಜಂಬಿಟ್ಟಿಗೆಯಲ್ಲೇ ಕಟ್ಟೆ ಕೊರೆಸಿ, 25 ಅಡಿ ಕೆಳಗೆ ಪಂಪು ಕೂರಿಸಿದರು. ಕೆಳಗೆ ಇಟ್ಟರೆ ಎಳೆಯುವ ದೂರ ಕಮ್ಮಿ. ಮೇಲಕ್ಕೆ ತಳ್ಳುವುದಕ್ಕೆ ಗಾಳಿಯ ಮಿತಿ ಇಲ್ಲ, ಪಂಪಿನ ಬಲ ಇದ್ದಷ್ಟು ತಳ್ಳಬಹುದು. ಪ್ರತಿ ವರ್ಷ ಮಳೆಗೆ ಮೊದಲು ಪಂಪನ್ನು ಹಗ್ಗ ಕಟ್ಟಿ ಮೇಲೆ ತರಬೇಕಿತ್ತು. ಒಂದು ವರ್ಷ ಜೂನ್ ಮೊದಲ ವಾರವೇ ಮಳೆ ಹಿಡಿದು, ಒಂದೇ ರಾತ್ರಿ ಬಾವಿಯ ನೀರು ಕಟ್ಟೆ ದಾಟಿತು. ಬೆಳಿಗ್ಗೆ ಲಾಟೀನು ಹಿಡಿದು ಬಗ್ಗಿ ನೋಡಿದರೆ ಪಂಪಿನ ಮೇಲೆ ಒಂದಾಳು ನೀರು. ಅಪ್ಪ ಏನೂ ಮಾತಾಡಲಿಲ್ಲ. ಆ ಮೋಟಾರ್ ಒಣಗಿಸಿ ಮತ್ತೆ ತಂತಿ ಸುತ್ತಿಸಲು ಶಿರಸಿಗೆ ತಂದಾಗಲೇ ನಾನು ಈ ಕೆಲಸ ಮೊದಲು ನೋಡಿದ್ದು.

ಹಳೇ ಗಣಿಗಳಲ್ಲೂ ಇದೇ ಉಪಾಯ. 16ನೇ ಶತಮಾನದ ಜರ್ಮನ್ ಗಣಿಗಳಲ್ಲಿ ಒಂದರ ಮೇಲೊಂದು ಪಂಪು ಇಡುತ್ತಿದ್ದರು. ಕೆಳಗಿನ ಪಂಪು ಒಂದು ತೊಟ್ಟಿಗೆ ಎತ್ತಬೇಕು, ಅಲ್ಲಿಂದ ಇನ್ನೊಂದು ಪಂಪು ಮೇಲಿನ ತೊಟ್ಟಿಗೆ. ಓಡಿಸಲು ನೀರಿನ ಚಕ್ರ, ಕುದುರೆ, ಆಳುಗಳು. 1698ರಲ್ಲಿ ಇಂಗ್ಲೆಂಡಿನ ಸೇವರಿ ಉಗಿ ತಣಿಸಿ ನೀರೆತ್ತುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಗಾಳಿಯ ಭಾರದ್ದೇ ಕಟ್ಟುಪಾಡು. 1712ರಲ್ಲಿ ನ್ಯೂಕಾಮೆನ್ ಅವರ ಉಗಿ ಎಂಜಿನ್ ಬಂದ ಮೇಲೆ ಎಂಜಿನ್ ಮೇಲಿದ್ದು, ಉದ್ದದ ಸರಳು ಇಳಿಸಿ ಪಂಪನ್ನು ಗಣಿಯ ಕೆಳಗೇ ಇಟ್ಟರು.

ಗಾಳಿಯಿಂದಲೇ ನೀರು ತಳ್ಳಿದ್ದು ಇನ್ನೊಬ್ಬರು, ಯೋಸೆಫ್ ಕಾರ್ಲ್ ಹೆಲ್. ಈಗಿನ ಸ್ಲೊವಾಕಿಯಾದ ಶೆಮ್ನಿಟ್ಸ್ ಗಣಿಯೂರಿನಲ್ಲಿ, 1753ರಲ್ಲಿ. ಅವರ ಯಂತ್ರ ನನಗೆ ಬಹಳ ಇಷ್ಟ. ಕಲ್ಲಿದ್ದಲು ಬೇಡ, ಎಂಜಿನ್ ಬೇಡ. ಬೆಟ್ಟದ ಮೇಲಿನ ಕೆರೆಯ ನೀರನ್ನು ಪೈಪಿನಲ್ಲಿ ಇಳಿಸಿ ಗಣಿಯ ಬಾಯಿಯ ಹತ್ತಿರದ ಮುಚ್ಚಿದ ಹಂಡೆಗೆ ಬಿಟ್ಟರು. ನೀರು ತುಂಬುತ್ತ ಹಂಡೆಯ ಗಾಳಿಯನ್ನು ಒತ್ತುತ್ತದೆ. ಆ ಗಾಳಿಗೆ ಹೋಗಲು ಒಂದೇ ದಾರಿ. ಪೈಪಿನಲ್ಲಿ ಗಣಿಯ ಕೆಳಗೆ, ಇನ್ನೊಂದು ಮುಚ್ಚಿದ ಹಂಡೆಗೆ. ಅದರಲ್ಲಿ ಗಣಿಯ ನೀರು ತುಂಬಿರುತ್ತದೆ. ಗಾಳಿ ಮೇಲಿನಿಂದ ಅದುಮಿದಾಗ ಆ ನೀರು ಬೇರೆ ಪೈಪು ಹಿಡಿದು ಹೊರಗೆ ಬರುತ್ತದೆ. ಇಲ್ಲಿ ಗುಳ್ಳೆ ಇಲ್ಲ, ನೇರ ತಳ್ಳುವುದು. ಆಮೇಲೆ ನಲ್ಲಿ ತಿರುಗಿಸಿ ಗಾಳಿ ಬಿಟ್ಟು, ಹಂಡೆಗಳನ್ನು ಮತ್ತೆ ಸಜ್ಜು ಮಾಡುತ್ತಿದ್ದರು.

ಹಾಗೆ ಗಾಳಿ ಬಿಡುವಾಗ ಒಂದು ಆಶ್ಚರ್ಯ ನಡೆಯುತ್ತಿತ್ತು. ಅದರ ಜತೆ ಬಂದ ನೀರ ಹನಿಗಳು ಮಂಜುಗಡ್ಡೆಯಾಗಿ ಉದುರುತ್ತಿದ್ದವು. ನೋಡಲು ಬಂದವರು ನಲ್ಲಿಯ ಮುಂದೆ ಟೊಪ್ಪಿ ಹಿಡಿದರೆ ಟೊಪ್ಪಿಗೆ ಹಿಮ ಮೆತ್ತುತ್ತಿತ್ತು. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ ಅಲ್ವಾ? ಒತ್ತಿದರೆ ಗಾಳಿ ಕಾಯುತ್ತದೆ, ಬಿಟ್ಟು ಹಿಗ್ಗಿದರೆ ತಣಿಯುತ್ತದೆ. ಅದೇ ಇದು.

ಗುಳ್ಳೆಯ ಉಪಾಯ ಬಂದದ್ದು ಆಮೇಲೆ, 1797ರಲ್ಲಿ, ಜರ್ಮನಿಯ ಕಾರ್ಲ್ ಲೋಷರ್ ಅವರಿಂದ. ಹುಲೇಕಲ್ಲಿನವರು ಕೇಳಿದ ಕಂಪ್ರೆಸರ್ ಬೋರ್‌ನ ಮೂಲ ಅದೇ. ಆದರೆ ತೀರಾ ಆಳದ ಗಣಿಗೆ ಎರಡೂ ಸಾಲುವುದಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳ. ಹತ್ತು ಮೀಟರ್ ನೀರಿಗೆ ಒಂದು ಕೇಜಿ ಒತ್ತಡದಂತೆ ಅಷ್ಟು ಆಳದಿಂದ ಒಂದೇ ಸಲಕ್ಕೆ ತಳ್ಳಲು 300 ಕೇಜಿ ಬೇಕು. ಅಂಥಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಎತ್ತುವುದೇ ದಾರಿ. 2001ರಲ್ಲಿ ಆ ಗಣಿ ಮುಚ್ಚಿತು. ಪಂಪು ನಿಂತ ಮೇಲೆ ಒಳಗೆಲ್ಲ ನೀರು ತುಂಬಿಕೊಂಡಿತು.

ನಿಮ್ಮ ಮನೆಯಲ್ಲೇ ಮಾಡಿ ನೋಡಲು ಒಂದು ಪ್ರಯೋಗ ಹೇಳುತ್ತೇನೆ. ಆಳದ ಬಕೆಟ್ ತುಂಬ ನೀರು ಹಾಕಿ. ಅರ್ಧ ಇಂಚಿನ ಪಾರದರ್ಶಕ ಪೈಪನ್ನು ನೆಟ್ಟಗೆ ಹಿಡಿದು ತಳದ ಹತ್ತಿರಕ್ಕೆ ಇಳಿಸಿ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಪಂಪಿನ ಟ್ಯೂಬನ್ನು ಆ ಪೈಪಿನ ಬುಡದೊಳಗೆ ಬಗ್ಗಿಸಿ ತೂರಿಸಿ. ಪಂಪು ಹಾಕಿದರೆ ನೀರು ಬಕೆಟ್ಟಿನ ಮಟ್ಟಕ್ಕಿಂತ ಮೇಲೆ ಏರಿ ಚೆಲ್ಲುತ್ತದೆ. ಈಗ ಬಕೆಟ್ಟಿನ ನೀರನ್ನು ಒಂದೊಂದೇ ಚೊಂಬು ತೆಗೆಯುತ್ತ ಬನ್ನಿ. ಒಂದು ಹಂತದಲ್ಲಿ ನೀರು ಬರುವುದು ನಿಂತು ಬರೀ ಗುಳ್ಳೆ ಏಳುತ್ತದೆ. ಆಗ ಎಷ್ಟು ಮುಳುಗಿತ್ತು, ಎಷ್ಟು ಎತ್ತರಕ್ಕೆ ಏರಿತ್ತು ಅಂತ ಅಳೆದು ನನಗೆ ಬರೆದು ಕಳಿಸಿ.

ಪ್ರಶ್ನೆ: ನಮ್ಮ ಮನೆ ಅಘನಾಶಿನಿ ಹೊಳೆಯ ಹತ್ತಿರ, ಗಜನಿಯಿಂದ (ಉಪ್ಪುನೀರು ನುಗ್ಗುವ ಗದ್ದೆ) ಎರಡು ಫರ್ಲಾಂಗ್. ಬಾವಿಯ ನೀರು ಸಿಹಿ, ಆದರೆ ಸಾಲದು. ಬೋರ್ ಹೊಡೆಸಿ ಕಂಪ್ರೆಸರ್ ಹಾಕಿದರೆ ಹೇಗೆ?
– ತೆಂಗಿನ ತೋಟದವರು, ಕುಮಟಾ ತಾಲೂಕು

ಉತ್ತರ: ಬೇಡ. ಇಷ್ಟು ಖಡಾಖಂಡಿತ ನಾನು ಸಾಮಾನ್ಯವಾಗಿ ಹೇಳುವುದಿಲ್ಲ, ನಿಮ್ಮ ವಿಷಯದಲ್ಲಿ ಹೇಳುತ್ತೇನೆ. ನಿಮ್ಮ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿದೆ. ಉಪ್ಪುನೀರು ಸ್ವಲ್ಪ ಭಾರ, ಲೀಟರಿಗೆ ಸುಮಾರು 25 ಗ್ರಾಂ ಜಾಸ್ತಿ. ಅದರಿಂದ ಒಂದು ಲೆಕ್ಕ ಬರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ 40 ಅಡಿವರೆಗೆ ಸಿಹಿನೀರು ಇರುತ್ತದೆ. ಈ ಲೆಕ್ಕವನ್ನು ನೂರು ವರ್ಷಕ್ಕೂ ಹಿಂದೆ ಗಿಬೆನ್ ಮತ್ತು ಹೆರ್ಜ್‌ಬರ್ಗ್ ಅನ್ನುವ ಇಬ್ಬರು ಬೇರೆ ಬೇರೆಯಾಗಿ ಕಂಡುಕೊಂಡರು. ನೆಲದ ಕಲ್ಲು-ಮಣ್ಣು ನೋಡಿ ಸ್ವಲ್ಪ ಹೆಚ್ಚುಕಮ್ಮಿ ಆಗಬಹುದು, ದಾರಿ ಮಾತ್ರ ಅದೇ. ಈಗ ತಿರುಗಿಸಿ ನೋಡಿ. ಜೋರಾಗಿ ಪಂಪ್ ಮಾಡಿ ಮೇಲಿನ ಮಟ್ಟ ಒಂದು ಅಡಿ ಇಳಿಯಿತು, ಹಾಗೇ ಬಹಳ ದಿನ ಇಳಿದೇ ಇತ್ತು ಅಂದರೆ ಕೆಳಗಿನ ಉಪ್ಪು 40 ಅಡಿ ಮೇಲೆ ಬರುತ್ತದೆ. ಬೋರ್ ಅದಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ. ಒಮ್ಮೆ ಉಪ್ಪಾದರೆ ಎಷ್ಟೋ ಮಳೆಗಾಲ ಬೇಕು ಮತ್ತೆ ಸಿಹಿಯಾಗಲು. ನಿಮ್ಮದಷ್ಟೇ ಅಲ್ಲ, ಪಕ್ಕದ ನಾಲ್ಕು ಮನೆಯ ಬಾವಿಯೂ ಹೋಗುತ್ತದೆ.

ಇರುವ ಬಾವಿಯನ್ನು ಆಳ ಮಾಡಬೇಡಿ. ಬೇಕಾದರೆ ಅಷ್ಟೇ ಆಳದ ಇನ್ನೊಂದು ಬಾವಿಯನ್ನು ದೂರದಲ್ಲಿ ತೆಗೆಸಿ, ಎರಡರಿಂದಲೂ ಸ್ವಲ್ಪ ಸ್ವಲ್ಪ ತೆಗೆಯಿರಿ. ಸಣ್ಣ ಪಂಪು ಸಾಕು, ಪೈಪಿನ ಕೆಳತುದಿಯ ಫುಟ್ ವಾಲ್ವ್ ನೀರಿನ ಮೇಲ್ಭಾಗದಲ್ಲೇ ಇರಲಿ. ಇನ್ನು ಮಳೆ. ನಿಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಸಾವಿರ ಚದರ ಅಡಿಯ ಮಾಡಿನಿಂದ, ಸೋರಿ ಹೋದದ್ದು ಬಿಟ್ಟೂ, ಎರಡು ಲಕ್ಷ ಲೀಟರಿಗೂ ಮೇಲೆ ನೀರು. ದಂಬೆ ಕಟ್ಟಿ, ಮರಳು-ಜಲ್ಲಿಯಲ್ಲಿ ಸೋಸಿ ಬಾವಿಯ ಪಕ್ಕದ ಗುಂಡಿಗೆ ಇಂಗಿಸಿ. ಬೋರ್‌ಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೆ ಸಾಕು.

ಪ್ರಶ್ನೆ: ಮನೆಯ ಹಳೇ ಬಾವಿ ಎಂಟು ವರ್ಷದಿಂದ ಮುಚ್ಚಿತ್ತು. ಹೂಳೆತ್ತಿಸಬೇಕು. ಇಳಿಯುವ ಮೊದಲು ಕಂಪ್ರೆಸರ್‌ನಿಂದ ಗಾಳಿ ಬಿಟ್ಟು, ದೀಪ ಇಳಿಸಿ ನೋಡಿದರೆ ಸಾಕಾ?
– ಓದುಗರು, ಅಂಕೋಲಾ

ಉತ್ತರ: ದೀಪ ಆರಿದರೆ ಇಳಿಯಲೇಬಾರದು. ಆದರೆ ದೀಪ ಉರಿದರೆ ಇಳಿಯಬಹುದು ಅಂತಲ್ಲ. ಇದನ್ನು ಬರೆಯಲೆಂದೇ ಈ ಪ್ರಶ್ನೆಯನ್ನು ಆರಿಸಿಕೊಂಡೆ.

ನನಗೆ ಆಗ 24 ವರ್ಷ. ಕರೆಂಟು ಹೋಗಿತ್ತು ಅಂತ ಒಂದು ಮನೆಯಲ್ಲಿ ಸೀಮೆಎಣ್ಣೆ ಪಂಪನ್ನೇ ಬಾವಿಯ ಒಳಗಿನ ಕಟ್ಟೆಗೆ ಇಳಿಸಿ ಓಡಿಸಿದ್ದರು. ನೀರು ಬರುತ್ತಿಲ್ಲ ಅಂತ ಫುಟ್ ವಾಲ್ವ್ ನೋಡಲು ನಾನು ಇಳಿದೆ. ಜತೆಗೆ ಇಳಿಸಿದ ಲಾಟೀನು ಚೆನ್ನಾಗಿಯೇ ಉರಿಯುತ್ತಿತ್ತು. ಐದು ನಿಮಿಷಕ್ಕೆ ಮೊಣಕಾಲು ಸಡಿಲಾಯಿತು. ತಲೆ ನೋವು, ಆಮೇಲೆ ಒಂಥರಾ ನಿದ್ದೆ. ಭಯವೇ ಆಗಲಿಲ್ಲ, ಅದೇ ದೊಡ್ಡ ಅಪಾಯ. ಸೊಂಟಕ್ಕೆ ಹಗ್ಗ ಇತ್ತು. ಮೇಲಿದ್ದವರು ಕೂಗಿದ್ದಕ್ಕೆ ನಾನು ಓಗೊಡಲಿಲ್ಲ ಅಂತ ಎಳೆದುಬಿಟ್ಟರು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮನುಷ್ಯನನ್ನು ಕೊಲ್ಲುವಷ್ಟು ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಮುಚ್ಚಿದ ಬಾವಿಯಲ್ಲಿ ಎಲೆ-ಕಸ ಕೊಳೆತು ಬರುವ ಗಾಳಿ ಬೇರೆ. ಅದು ಭಾರವಾಗಿ ತಳದಲ್ಲಿ ಕೂತಿರುತ್ತದೆ. ದೀಪ ಆರಿಸುವುದು ಅದು. ನಮ್ಮ ಹಿರಿಯರು ಸೊಪ್ಪಿನ ಕಟ್ಟು ಇಳಿಸಿ ಎತ್ತಿ ಗಾಳಿ ಕಲಕುತ್ತಿದ್ದರು. ಅದರಿಂದ ಸ್ವಲ್ಪ ಉಪಕಾರ ಇದೆ, ಭರವಸೆ ಇಲ್ಲ. ಡೀಸೆಲ್ ಕಂಪ್ರೆಸರ್‌ನಿಂದ ಗಾಳಿ ಬಿಡಲೇಬೇಡಿ. ಅದು ಗಾಳಿ ಎಳೆದುಕೊಳ್ಳುವ ಬಾಯಿ ತನ್ನದೇ ಹೊಗೆಯ ಹತ್ತಿರ ಇದ್ದರೆ ಬಾವಿಗೆ ವಿಷವನ್ನೇ ಇಳಿಸಿದ ಹಾಗೆ. ಕರೆಂಟಿನ ಬ್ಲೋವರ್ ತಂದು, ಅಗಲ ಪೈಪನ್ನು ತಳದವರೆಗೆ ಬಿಟ್ಟು, ಇಳಿಯುವ ಮೊದಲು ಒಂದು ಗಂಟೆ ಓಡಿಸಿ. ಕೆಲಸ ಮುಗಿಯುವವರೆಗೂ ನಿಲ್ಲಿಸಬೇಡಿ. ಕೆಸರು ಕೆದಕಿದಾಗ ಮತ್ತೆ ಗಾಳಿ ಏಳುತ್ತದೆ. ಗಾಳಿ ಪರೀಕ್ಷೆ ಮಾಡುವ ಮೀಟರ್ ಇರುವ ಕೆಲಸದವರೇ ಸಿಕ್ಕರೆ ಅವರಿಗೇ ಕೊಡಿ, ನಾಲ್ಕು ದುಡ್ಡು ಜಾಸ್ತಿಯಾದರೂ ಸರಿ.

ಇಳಿಯುವವನ ಎದೆ-ಭುಜಕ್ಕೆ ಬೆಲ್ಟು, ಅದಕ್ಕೆ ಹಗ್ಗ, ಮೇಲೆ ಎಳೆಯಬಲ್ಲ ಇಬ್ಬರು. ಎರಡೆರಡು ನಿಮಿಷಕ್ಕೆ ಹೆಸರು ಹಿಡಿದು ಕೂಗುತ್ತಿರಬೇಕು. ಉತ್ತರ ಬರದಿದ್ದರೆ ಎಳೆಯಿರಿ, ಯಾಕೆ ಅಂತ ಯೋಚಿಸಬೇಡಿ. ಅವನು ಬಿದ್ದನೆಂದು ಇನ್ನೊಬ್ಬರು ಇಳಿಯಬಾರದು, ಸ್ವಂತ ಅಣ್ಣನಾದರೂ ಸರಿ. 112ಕ್ಕೆ ಫೋನ್ ಮಾಡಿ, ಬ್ಲೋವರ್ ಓಡುತ್ತಲೇ ಇರಲಿ.